ವೃದ್ಧಾಶ್ರಮಕ್ಕೂ ಬೇಕು ನಾಮನಿರ್ದೇಶನ

ಉದ್ಯೋಗವನ್ನರಸಿ ಮುಂಬಯಿಗೆ ಬಂದ ಕನ್ನಡಿಗರ ಸಂಸಾರಗಳಲ್ಲಿ ವೃದ್ಧಾಪ್ಯವೆಂಬುದು ಎರಡು ಊರುಗಳಿಗೆ ಹಂಚಿಹೋದ ಸಮಸ್ಯೆಯಾಗಿದೆ. ಮಕ್ಕಳು ಮಾಟುಂಗ, ಮುಲುಂಡ್, ಡೊಂಬಿವಲಿಗಳಲ್ಲಿ. ತಂದೆತಾಯಿಗಳು ಉಡುಪಿ, ಮಂಗಳೂರು, ಮೈಸೂರು, ಧಾರವಾಡಗಳಲ್ಲಿ. ಇಲ್ಲಿಯ ಎರಡು ಕೋಣೆಗಳ ಬಿಡಾರದಲ್ಲಿ ಹಿರಿಯರನ್ನು ಇರಿಸಿಕೊಳ್ಳಲಾರದೆ, ಊರಿನ ಮನೆಯಲ್ಲಿ ಒಂಟಿಯಾಗಿ ಬಿಡಲೂ ಆರದೆ, ವೃದ್ಧಾಶ್ರಮವನ್ನು ಆಶ್ರಯಿಸಿದವರು ನಮ್ಮಲ್ಲಿದ್ದಾರೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಇಲ್ಲಿ ಪ್ರಸ್ತುತವಲ್ಲ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಆ ಆಶ್ರಮದ ಬಾಗಿಲು ಮನೆಯವರಿಗೆ ತೆರೆದಿರಬೇಕೆ, ಮುಚ್ಚಿರಬೇಕೆ ಎಂಬುದಷ್ಟೇ ಈ ಲೇಖನದ ವಿಷಯ.

2020ರ ಮಾರ್ಚ್ ತಿಂಗಳನ್ನು ವಾಚಕರು ಮರೆತಿರಲಾರರು. 22ರಂದು ರೈಲುಗಳು ನಿಂತವು. 25ರಿಂದ ದೇಶವೇ ಲಾಕ್‌ಡೌನ್‌ಗೆ ಒಳಗಾಯಿತು. ಮೇ 18ರಂದು ಕರ್ನಾಟಕ ಸರಕಾರವು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರ ಪ್ರವೇಶವನ್ನು ತಿಂಗಳ ಕೊನೆಯವರೆಗೆ ತಡೆಯಿತು. ಹೋಗಿ ಸೇರಿದವರನ್ನು ಕ್ವಾರಂಟೈನಿನಲ್ಲಿ ಇರಿಸಲಾಯಿತು. 'ಮುಂಬಯಿಯಿಂದ ಬಂದವರು' ಎಂಬ ಮಾತೇ ಊರಿನಲ್ಲಿ ಭೀತಿಯನ್ನು ಹುಟ್ಟಿಸುತ್ತಿದ್ದ ದಿನಗಳವು. ಇತ್ತ ವೃದ್ಧಾಶ್ರಮಗಳು ತಮ್ಮ ಗೇಟುಗಳನ್ನು ಮುಚ್ಚಿಕೊಂಡವು.

ಆರಂಭದಲ್ಲಿ ಹಾಗೆ ಮಾಡಿದ್ದು ಸರಿಯೇ ಆಗಿತ್ತು. ರೋಗದ ಸ್ವರೂಪ ತಿಳಿದಿರಲಿಲ್ಲ, ಲಸಿಕೆ ಇರಲಿಲ್ಲ, ಈ ರೋಗದಿಂದ ಸಾಯುವ ಅಪಾಯ ವಯಸ್ಸಾದಂತೆ ಹೆಚ್ಚುತ್ತದೆಂಬುದಂತೂ ಬೇಗನೆ ಸ್ಪಷ್ಟವಾಗಿತ್ತು. ಆದರೆ ಕೆಲವು ವಾರಗಳಿಗೆ ಸರಿಯಾದ ನಿಯಮವು ತಿಂಗಳುಗಟ್ಟಲೆ ಮುಂದುವರಿದಾಗ ಅದರಿಂದಲೂ ಹಾನಿಯಾಗುತ್ತದೆ. ಸಂದರ್ಶನಕ್ಕೆ ಬರುವ ಮಗಳು ಕೇವಲ ಕುಶಲ ಕೇಳಿ ಹೋಗುವವಳಲ್ಲ. ತುತ್ತು ಉಣಿಸುವವಳು, ನಾಲ್ಕು ಹೆಜ್ಜೆ ನಡೆಸುವವಳು, ಕಾಲಿನ ಬಾವನ್ನೂ ಬೆನ್ನಿನ ಹುಣ್ಣನ್ನೂ ಮೊದಲು ಗಮನಿಸುವವಳು ಅವಳೇ. ಅವಳು ಬರದಿದ್ದಾಗ ಊಟ ಕಡಿಮೆಯಾಗುತ್ತದೆ, ನಡಿಗೆ ನಿಲ್ಲುತ್ತದೆ, ಸ್ನಾಯುಗಳು ಶಕ್ತಿಗುಂದುತ್ತವೆ, ಮನಸ್ಸು ಖಿನ್ನವಾಗುತ್ತದೆ. ಮರೆವಿನ ಕಾಯಿಲೆಯವರು ಆಪ್ತರ ಮುಖವನ್ನೇ ಮರೆಯುವ ಸಂಭವವಿದೆ. ಕಿವಿ ಮಂದವಾದವರಿಗೆ ಮೊಬೈಲಿನ ಪರದೆಯು ಭೇಟಿಗೆ ಬದಲಿಯಾಗಲಾರದು.

ಈ ತೊಡಕು ಮುಂಬಯಿಗೆ ಹೊಸದಲ್ಲ. 1896ರಲ್ಲಿ ಮಾಂಡವಿಯಲ್ಲಿ ಪ್ಲೇಗು ಕಾಣಿಸಿಕೊಂಡಾಗ ಅಧಿಕಾರಿಗಳು ರೋಗಿಗಳನ್ನು ಮನೆಗಳಿಂದ ಬಲವಂತವಾಗಿ ಆಸ್ಪತ್ರೆಗೆ ಸಾಗಿಸತೊಡಗಿದರು. ಒಳಗೆ ಹೋದವರ ಗತಿ ಹೊರಗಿನವರಿಗೆ ತಿಳಿಯದಾಯಿತು, ವದಂತಿಗಳು ಹಬ್ಬಿದವು, ಅಕ್ಟೋಬರ್‌ನಲ್ಲಿ ಗಿರಣಿ ಕಾರ್ಮಿಕರ ಗುಂಪೊಂದು ಆರ್ಥರ್ ರೋಡಿನ ಆಸ್ಪತ್ರೆಗೆ ನುಗ್ಗಿತು. ಅನಂತರ ಬೇರೆ ಬೇರೆ ಸಮುದಾಯಗಳಿಗೆ ತಮ್ಮದೇ ಪ್ಲೇಗು ಆಸ್ಪತ್ರೆಗಳನ್ನು ನಡೆಸಲು ಅವಕಾಶ ದೊರೆಯಿತು. ನಮ್ಮವರು ನೋಡಿಕೊಳ್ಳುತ್ತಿದ್ದಾರೆಂಬ ವಿಶ್ವಾಸ ಬಂದಲ್ಲಿ ವಿರೋಧವೂ ತಗ್ಗುತ್ತದೆ ಎಂಬುದು ಅದರ ಪಾಠ. ಆ ಪ್ಲೇಗಿನ ತರುವಾಯ 1898ರಲ್ಲಿ ಸ್ಥಾಪಿತವಾದ ಇಂಪ್ರೂವ್‌ಮೆಂಟ್ ಟ್ರಸ್ಟಿನ ಯೋಜನೆಯಿಂದಲೇ ನಮ್ಮ ಮಾಟುಂಗದ ಅಗಲ ರಸ್ತೆಗಳೂ ಉದ್ಯಾನಗಳೂ ಮೂಡಿದವು. ಹಿಂದಿನವರು ರೋಗದಿಂದ ಪಾಠ ಕಲಿತು ಗಾಳಿ ಬೆಳಕುಗಳಿಗೆ ವ್ಯವಸ್ಥೆ ಮಾಡಿದರು. ನಾವು ಮಾಡಬೇಕಾದದ್ದೂ ಇದೆ.

ನೆದರ್‌ಲೆಂಡ್ಸ್ ದೇಶದ ಅನುಭವವು ಇಲ್ಲಿ ಗಮನಾರ್ಹವಾದುದು. ಅಲ್ಲಿ 2020ರ ಮಾರ್ಚ್ 20ರಿಂದ ಶುಶ್ರೂಷಾಲಯಗಳಿಗೆ ಸಂದರ್ಶಕರನ್ನು ಬಿಡುವುದು ನಿಂತಿತ್ತು. ಮೇ ತಿಂಗಳಲ್ಲಿ 26 ಶುಶ್ರೂಷಾಲಯಗಳಲ್ಲಿ ಒಬ್ಬ ನಿವಾಸಿಗೆ ಒಬ್ಬ ನಿಶ್ಚಿತ ಸಂದರ್ಶಕನೆಂಬ ನಿಯಮದಿಂದ ಬಾಗಿಲನ್ನು ಪ್ರಾಯೋಗಿಕವಾಗಿ ತೆರೆಯಲಾಯಿತು. ಮೊದಲ ಮೂರು ವಾರಗಳನ್ನು ಪರಿಶೀಲಿಸಿದ ಸಂಶೋಧಕರು, ನಿವಾಸಿಗಳ ಕ್ಷೇಮ ಉತ್ತಮಗೊಂಡಿತೆಂದೂ ಆ ಅವಧಿಯಲ್ಲಿ ಅಲ್ಲಿ ಹೊಸ ಸೋಂಕು ಕಾಣಲಿಲ್ಲವೆಂದೂ ವರದಿ ಮಾಡಿದರು. ಇದು ಎಲ್ಲ ಕಾಲಕ್ಕೂ ಅನ್ವಯಿಸುವ ಭರವಸೆಯಲ್ಲ. ಆದರೆ ಪೂರ್ಣ ತೆರೆಯುವುದು, ಪೂರ್ಣ ಮುಚ್ಚುವುದು ಇವೆರಡರ ನಡುವೆ ಮೂರನೆಯ ದಾರಿಯಿದೆ ಎಂಬುದಕ್ಕೆ ಸಾಕ್ಷಿ.

ಬ್ಯಾಂಕಿನ ನೌಕರನಾದ ನನಗೆ ಈ ದಾರಿಯು ಪರಿಚಿತವಾಗಿ ತೋರುತ್ತದೆ. ನಾವು ಪ್ರತಿಯೊಂದು ಖಾತೆಗೂ ನಾಮನಿರ್ದೇಶನ ಮಾಡಿಸುತ್ತೇವೆ. ಖಾತೆದಾರನ ಕಾಲಾನಂತರ ಯಾರು ಬರಬೇಕೆಂಬುದನ್ನು ಅವನು ಆರೋಗ್ಯದಿಂದಿರುವಾಗಲೇ ಬರೆದುಕೊಡುತ್ತಾನೆ. 2025ರ ನವೆಂಬರ್‌ನಿಂದ ನಾಲ್ವರವರೆಗೆ ಹೆಸರಿಸಲು ಅವಕಾಶವಿದೆ. ಠೇವಣಿಯ ಹಣಕ್ಕೆ ಇರುವ ಈ ಮುಂದಾಲೋಚನೆಯು ತಂದೆತಾಯಿಗಳ ವಿಷಯದಲ್ಲಿ ಏಕಿರಬಾರದು? ಆಶ್ರಮಕ್ಕೆ ಸೇರುವ ದಿನವೇ ಹಿರಿಯರು ತಮ್ಮ ಇಷ್ಟದಂತೆ ಇಬ್ಬರ ಹೆಸರನ್ನು ಬರೆದುಕೊಡಲಿ: ಮೊದಲನೆಯವರು ಬರಲಾಗದಿದ್ದರೆ ಎರಡನೆಯವರು. ರೋಗದ ಕಾಲದಲ್ಲಿ ಆ ವ್ಯಕ್ತಿಯನ್ನು ಅತಿಥಿಯೆಂದು ತಿಳಿಯದೆ ಆಶ್ರಮದ ಸಿಬ್ಬಂದಿಯಂತೆಯೇ ಪರಿಗಣಿಸಲಿ. ಸಿಬ್ಬಂದಿಯಾದರೂ ದಿನವೂ ಹೊರಗಿನಿಂದಲೇ ಬರುವವರಲ್ಲವೆ?

ಆಶ್ರಮ ನಡೆಸುವವರ ಕಷ್ಟವನ್ನು ಅಲ್ಲಗಳೆಯಲಾಗದು. ಒಂದು ಕೋಣೆಯಲ್ಲಿ ನಾಲ್ಕು ಮಂಚಗಳು, ಕೆಲಸಕ್ಕೆ ಕೆಲವೇ ಮಂದಿ, ಒಬ್ಬರಿಗೆ ರೋಗ ಬಂದರೆ ಇಡೀ ಆಶ್ರಮಕ್ಕೆ ಅಪಾಯ. ಆದ್ದರಿಂದ ಹಕ್ಕಿನೊಡನೆ ಶಿಸ್ತೂ ಬೇಕು. ನಿರ್ದೇಶಿತ ಸಂದರ್ಶಕನು ಲಸಿಕೆ ಹಾಕಿಸಿಕೊಂಡಿರಬೇಕು. ಕೆಮ್ಮು, ಜ್ವರಗಳಿದ್ದರೆ ಬರಕೂಡದು. ಮಾಸ್ಕ್ ಧರಿಸಬೇಕು, ಕೈ ತೊಳೆಯಬೇಕು. ಗೊತ್ತುಪಡಿಸಿದ ವೇಳೆಗೆ ಬಂದು, ಸಾಧ್ಯವಾದಷ್ಟು ಜಗಲಿಯಲ್ಲೋ ಅಂಗಳದಲ್ಲೋ ಕುಳಿತು ಮಾತನಾಡಬೇಕು. ಇತರರ ಕೋಣೆಗಳಿಗೆ ಹೋಗಬಾರದು. ಹಾಸಿಗೆ ಹಿಡಿದವರನ್ನೂ ಅಂತ್ಯಕಾಲದಲ್ಲಿರುವವರನ್ನೂ ಕಾಣಲು ಮಾತ್ರ ಒಳಗೆ ಬಿಡುವ ವ್ಯವಸ್ಥೆ ಎಂಥ ಬಿಗಿಯಲ್ಲೂ ಇರತಕ್ಕದ್ದು.

ಮುಂಬಯಿಯಲ್ಲಿರುವ ನಮಗೆ ಎರಡನೆಯ ಹೆಸರೇ ಮುಖ್ಯವಾದುದು. ರಾಜ್ಯದ ಗಡಿ ಮುಚ್ಚಿದರೆ ಮಗನು ಹೋಗಲಾರ. ಊರಿನಲ್ಲಿರುವ ಸೋದರಳಿಯನೋ, ನೆರೆಮನೆಯ ಅಕ್ಕನೋ ಹೋಗಬಲ್ಲರು. ಆದುದರಿಂದ ಹಿರಿಯರನ್ನು ಆಶ್ರಮದಲ್ಲಿ ಇರಿಸಿರುವವರು ಮುಂದಿನ ಸಲ ಊರಿಗೆ ಹೋದಾಗಲೇ ವ್ಯವಸ್ಥಾಪಕರೊಡನೆ ಈ ವಿಷಯವನ್ನು ಮಾತನಾಡಿ ಬರವಣಿಗೆಯಲ್ಲಿ ಪಡೆದುಕೊಳ್ಳುವುದು ಒಳಿತು. ನಮ್ಮ ಸಂಘವು ಇದಕ್ಕೊಂದು ಸರಳ ಅರ್ಜಿಯ ನಮೂನೆಯನ್ನು ಸಿದ್ಧಪಡಿಸಿ ಸದಸ್ಯರಿಗೆ ಹಂಚಬಹುದು. ಊರಿನ ಸಂಘಸಂಸ್ಥೆಗಳ ಸಹಕಾರವನ್ನೂ ಕೋರಬಹುದು. ಹಿರಿಯರಿಗಾಗಿ ಇರುವ 14567 ಸಹಾಯವಾಣಿಯ ಸಂಖ್ಯೆಯನ್ನೂ ಅದರಲ್ಲಿ ಮುದ್ರಿಸಬಹುದು. ಈಗ ರೋಗದ ಗದ್ದಲವಿಲ್ಲ, ಯಾರಿಗೂ ಅವಸರವಿಲ್ಲ. ಇಂಥ ನಿಯಮಗಳನ್ನು ಮಾಡಿಕೊಳ್ಳಲು ಇದೇ ತಕ್ಕ ಸಮಯವೆಂದು ನನ್ನ ಅಭಿಪ್ರಾಯ.