ಕಬ್ಬಿನ ಹೊಲದ ಜೋಪಡಿಗೂ ಡಾಕ್ಟರು ಬರಲಿ

ಚಚಡಿ ಸುತ್ತಿನ ಸವದತ್ತಿ, ಬೈಲಹೊಂಗಲ ಸೀಮೆಗೆ ಕಬ್ಬು ಕಡಿಯುವ ಗ್ಯಾಂಗುಗಳ ಜೊತೆ ಬರುವ ಹದಿಹರೆಯದವರಿಗೆ ಹಂಗಾಮಿನುದ್ದಕ್ಕೂ ತಾಡಪತ್ರಿ ಜೋಪಡಿಯೇ ಮನೆ. ಇಂಥವರಿಗೆ ರಕ್ತಹೀನತೆ, ಉಬ್ಬಸ, ಮೂರ್ಛೆರೋಗ ಇದ್ದರೆ ಅವು ಒಂದು ದಿನದ ಗುಳಿಗೆಗೆ ಹೋಗುವಂಥವಲ್ಲ. ತಿಂಗಳುಗಟ್ಟಲೆ ಔಷಧ ಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ 15–19 ವಯಸ್ಸಿನ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ. ಮನೆಮನೆಗೆ ಹೋಗಿ ತೆಗೆದ ಲೆಕ್ಕವೇ ಇಷ್ಟು; ಜೋಪಡಿಯವರದು ಎಷ್ಟೋ! 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 18 ವರ್ಷದವರೆಗೂ ತಪಾಸಣೆ ಮಾಡುತ್ತದೆ. ಆದರೆ ಆರು ದಾಟಿದವರನ್ನು ಅದು ಹುಡುಕುವುದು ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ. ಕುಡುಗೋಲು ಹಿಡಿದವರು ಅಲ್ಲಿ ಸಿಗುವುದಿಲ್ಲ.

ಊರೂರು ತಿರುಗುವವರ ಬೆನ್ನು ಹತ್ತಿ ಚಿಕಿತ್ಸೆ ಕೊಡುವುದು ಕಷ್ಟ ಎನ್ನುವವರಿದ್ದಾರೆ. ಕಷ್ಟ ನಿಜ. ಆದರೆ ಯಾವ ಗ್ಯಾಂಗು ಯಾವ ಹೊಲದಲ್ಲಿದೆ ಎಂಬುದು ಸಕ್ಕರೆ ಕಾರ್ಖಾನೆಯ ಫೀಲ್ಡ್‌ಮನ್‌ಗೆ, ಗ್ಯಾಂಗಿನ ಮುಖ್ಯಸ್ಥನಾದ ಮುಕಾದಮನಿಗೆ ಗೊತ್ತೇ ಇರುತ್ತದೆ. ಆ ಪಟ್ಟಿ ಆರೋಗ್ಯ ಕೇಂದ್ರಕ್ಕೂ ಸಿಗಬೇಕು. ಜಿಲ್ಲಾಡಳಿತ ಮುಂದಿನ ಹಂಗಾಮಿಗೇ ತಪಾಸಣಾ ತಂಡಗಳನ್ನು ಜೋಪಡಿಗಳಿಗೆ ಕಳಿಸಬೇಕು.