ನಾರಾಯಣಗೂಡದ ಕಿಟಕಿ: ಒಂದೇ ಗುಂಡಿನ ನ್ಯಾಯ

ಟೆಕ್ಸಾಸಿನಲ್ಲಿ ನೆಲೆಸಿರುವ ಹಾವೇರಿ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಆಫೀಸಿನ ಗೆಳೆಯರು ಅವರನ್ನು ಜಿಂಕೆ ಬೇಟೆಗೆ ಕರೆಯುತ್ತಿದ್ದಾರಂತೆ. "ಹೋಗುವುದು ಬಿಡುವುದು ನನ್ನ ಪಾಡು. ಹೋದರೆ ಮಾತ್ರ ಪ್ರಾಣಿ ನರಳಬಾರದು. ಯಾವ ಕ್ಯಾಲಿಬರ್ ಸಾಕು?" ಎಂದು ಕೇಳಿದ್ದಾರೆ.

ಬೇಟೆ ಅಂದರೆ ಮೂಗು ಮುರಿಯುವವರು ನಮ್ಮಲ್ಲಿ ಬಹಳ. ಆದರೆ ಈ ಪ್ರಶ್ನೆಯಲ್ಲಿ ಕರುಣೆ ಇದೆ, ಹಾಗಾಗಿ ನೇರ ಉತ್ತರ ಕೊಡಬೇಕು. ಅಲ್ಲದೆ ಇದು ಟೆಕ್ಸಾಸಿನವರಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಅಲ್ಲಿ 'ಆಕ್ಸಿಸ್' ಎಂದು ಕರೆಯುವ ಪ್ರಾಣಿ ನಮ್ಮ ನಾಗರಹೊಳೆಯ ಚುಕ್ಕೆ ಜಿಂಕೆಯೇ. 1932ರಲ್ಲಿ ಅಲ್ಲಿಗೆ ಒಯ್ದು ಬಿಟ್ಟರು, ಈಗ ಹಿಂಡು ಹಿಂಡಾಗಿ ಬೆಳೆದಿದೆ. ಹೊರಗಿನಿಂದ ಬಂದ ಪ್ರಾಣಿಯಾದ್ದರಿಂದ ವರ್ಷವಿಡೀ ಬೇಟೆಗೆ ಅವಕಾಶವಿದೆ. ಇತ್ತ ನಾನಿರುವ ತೆಲಂಗಾಣದಲ್ಲಿ ಅದೇ ಜಿಂಕೆ ರಾಜ್ಯಪ್ರಾಣಿ. ನಾರಾಯಣಗೂಡದಿಂದ ದಿಲ್‌ಸುಖ್‌ನಗರ ದಾಟಿ ವನಸ್ಥಲಿಪುರಕ್ಕೆ ಹೋದರೆ, ನಿಜಾಮರ ಬೇಟೆಯ ಕಾಡಾಗಿದ್ದ ಜಾಗ ಇಂದು ಕೃಷ್ಣಮೃಗಗಳ ಹರಿಣ ವನಸ್ಥಲಿಯಾಗಿದೆ. ನಮ್ಮ ಹಾವೇರಿ, ಧಾರವಾಡದವರ ಬಾಯಲ್ಲಿ ಅದು ಚಿಗರಿ.

ಈಗ ಲೆಕ್ಕಕ್ಕೆ ಬರೋಣ. ಕ್ಯಾಲಿಬರ್ ಅಂದರೆ ನಳಿಗೆಯ ಒಳಗಿನ ಅಗಲ, ಅಷ್ಟೇ. ಅಗಲವೊಂದೇ ಏನನ್ನೂ ಹೇಳುವುದಿಲ್ಲ. .22 ರಿಮ್‌ಫೈರ್ ರೈಫಲ್ ಮತ್ತು .223 ರೈಫಲ್‌ಗಳ ಗುಂಡಿನ ಅಗಲ ಹೆಚ್ಚುಕಡಿಮೆ ಒಂದೇ. ಮೊದಲನೆಯದರ ಬಲ ಇನ್ನೂರು ಜೂಲ್ ಮುಟ್ಟುವುದೂ ಕಷ್ಟ; ಎರಡನೆಯದು 1700 ಜೂಲ್ ದಾಟುತ್ತದೆ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ ಎಂದು ಹೈಸ್ಕೂಲಿನಲ್ಲಿ ಕಲಿತದ್ದು ಇಲ್ಲಿ ಕೆಲಸಕ್ಕೆ ಬರುತ್ತದೆ.

ಎಷ್ಟು ಬಲ ಬೇಕು? ಜರ್ಮನಿಯ ಕಾನೂನಿನಲ್ಲಿ, ಗುಂಡು ನೂರು ಮೀಟರ್ ಸಾಗಿದ ಮೇಲೂ ಸಣ್ಣ ರೋ ಜಿಂಕೆಗೆ 1000 ಜೂಲ್ ಉಳಿದಿರಬೇಕು. ಉಳಿದ ಗೊರಸಿನ ಪ್ರಾಣಿಗಳಿಗೆ ಕನಿಷ್ಠ 6.5 ಮಿಲಿಮೀಟರ್ ಕ್ಯಾಲಿಬರ್, 2000 ಜೂಲ್. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ದೊಡ್ಡ ಜಾತಿಗಳಿಗೆ .240 ಇಂಚು ಹಾಗೂ ನಳಿಗೆಯ ಬಾಯಲ್ಲಿ 1700 ಅಡಿ-ಪೌಂಡ್, ಅಂದರೆ ಸುಮಾರು 2300 ಜೂಲ್, ಕೇಳುತ್ತದೆ. ಅಮೆರಿಕದ ಕೊಲರಾಡೊ ಜಿಂಕೆಗೆ .24ಕ್ಕಿಂತ ಸಣ್ಣ ರೈಫಲ್ ಒಪ್ಪುವುದಿಲ್ಲ. ಎರಡು ಸಾವಿರ ಜೂಲ್ ಅಂದರೆ ಐವತ್ತು ಕಿಲೋದ ನಾಲ್ಕು ಅಕ್ಕಿ ಮೂಟೆಗಳನ್ನು ಒಂದು ಮೀಟರ್ ಎತ್ತುವಷ್ಟು ಬಲ. ಬೇರೆ ಬೇರೆ ದೇಶದವರು ಹಾಕಿದ ಗೆರೆಗಳು ಹೀಗೆ ಹತ್ತಿರ ಹತ್ತಿರವೇ ಬಂದು ನಿಂತಿವೆ.

ಗಂಡು ಚುಕ್ಕೆ ಜಿಂಕೆ 70ರಿಂದ 90 ಕಿಲೋ ತೂಗುತ್ತದೆ. ಅದಕ್ಕೆ .243ರ ನೂರು ಗ್ರೇನ್ ಗುಂಡು ಸಾಕು. ಟೆಕ್ಸಾಸಿನಲ್ಲಿ ಎಲ್ಲೆಡೆ ಸಿಗುವ .308 ಅಥವಾ .30-06 ಆದರೆ ಧಾರಾಳವಾಯಿತು. ಇನ್ನೂರು ಕಿಲೋ ದಾಟುವ ಕಡವೆಗೂ ನೀಲಗಾಯಿಗೂ .243 ಹಿಡಿದು ಹೋಗುವುದು ಸರಿಯಲ್ಲ. ಅತಿ ದೊಡ್ಡ ರೈಫಲ್ ಕೂಡ ಉಪಕಾರ ಮಾಡುವುದಿಲ್ಲ. ಅದರ ಒದೆತಕ್ಕೆ ಹೆದರಿ ಕುದುರೆ ಎಳೆಯುವ ಹೊತ್ತಿಗೆ ಭುಜ ಅಳುಕುತ್ತದೆ, ಗುಂಡು ಹೊಟ್ಟೆಗೆ ಹೋಗುತ್ತದೆ. ಹೊಟ್ಟೆಗೆ ಗುಂಡು ಬಿದ್ದ ಜಿಂಕೆ ಪೊದೆ ಸೇರಿ ಗಂಟೆಗಟ್ಟಲೆ ಸಾಯುತ್ತದೆ.

ಕ್ಯಾಲಿಬರ್ ಆದ ಮೇಲೆ ಗುಂಡಿನ ಮೂಗು ನೋಡಬೇಕು. ಪೂರ್ತಿ ತಾಮ್ರದ ಕವಚದ ಗುಂಡು ದಬ್ಬಣದ ಹಾಗೆ ಈಚೆಯಿಂದ ಆಚೆ ಹೋಗಿಬಿಡುತ್ತದೆ. ಮೆತ್ತನೆ ಮೂಗಿನ ಗುಂಡು ಒಳಗೆ ಅಣಬೆಯಂತೆ ಅರಳಿ ಎದೆಗೂಡಿನಲ್ಲೇ ಬಲ ಖರ್ಚು ಮಾಡುತ್ತದೆ. ಇದಕ್ಕೂ ನಮ್ಮ ದೇಶಕ್ಕೂ ನಂಟಿದೆ. ಅರಳುವ ಗುಂಡಿಗೆ 'ದಮ್ ದಮ್' ಎಂಬ ಹೆಸರು ಬಂದದ್ದು ಕಲ್ಕತ್ತದ ಬಳಿಯ ದಮ್ ದಮ್ ಕಾರ್ಖಾನೆಯಿಂದ. 1899ರ ಹೇಗ್ ಸಮ್ಮೇಳನ ಅದನ್ನು ಯುದ್ಧದಲ್ಲಿ ಬಳಸಬಾರದೆಂದಿತು. ಇಂಗ್ಲೆಂಡಿನ ಜಿಂಕೆ ಕಾಯ್ದೆಯೋ ಅರಳುವ ಗುಂಡನ್ನೇ ಬಳಸಬೇಕು ಎನ್ನುತ್ತದೆ. ಎರಡರ ಹಿಂದೆ ಇರುವುದು ಒಂದೇ ವಿಚಾರ. ಸೈನಿಕನನ್ನು ಕಾದಾಟದಿಂದ ಹೊರಗಿಟ್ಟರೆ ಸಾಕು, ಆಸ್ಪತ್ರೆಯಲ್ಲಿ ಆತ ಉಳಿಯಬಹುದು. ಜಿಂಕೆಗೆ ಆಸ್ಪತ್ರೆ ಇಲ್ಲ.

ಮೂರನೆಯದು ಜಾಗ. ಪಕ್ಕಕ್ಕೆ ತಿರುಗಿ ನಿಂತ ಪ್ರಾಣಿಯ ಮುಂಗಾಲಿನ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಕಡೆ, ಒಂದು ಊಟದ ತಟ್ಟೆಗಿಂತ ಚಿಕ್ಕ ಗುರಿ. ಅಲ್ಲಿಗೆ ಬಿದ್ದರೆ ಹೃದಯಕ್ಕೇ ತಗಲಿದ ಜಿಂಕೆಯೂ ಐವತ್ತು ಅರವತ್ತು ಮೀಟರ್ ಓಡಬಹುದು. ಆದರೆ ಕೆಲವೇ ಕ್ಷಣಗಳಲ್ಲಿ ಅದಕ್ಕೆ ಎಚ್ಚರ ತಪ್ಪುತ್ತದೆ. ಒಂದೇ ತಟ್ಟೆಯ ಮೇಲೆ ಐದಕ್ಕೆ ಐದು ಹೊಡೆಯಲು ಬರುವ ದೂರ ಎಷ್ಟೋ, ಅಷ್ಟೇ ನಿಮ್ಮ ಬೇಟೆಯ ದೂರ. ಹೊಸಬರಿಗೆ ಅದು ನೂರು ಮೀಟರಿನ ಒಳಗೇ ಇರುತ್ತದೆ.

ಟೆಕ್ಸಾಸಿನ ಗೆಳೆಯರಿಗೆ ಇಷ್ಟು ಸಾಕು. ಇನ್ನು ನಮ್ಮ ಮನೆಯ ಕಥೆ.

ಭಾರತದಲ್ಲಿ ಜಿಂಕೆ ಹೊಡೆಯುವುದು ಅಪರಾಧ, ಯಾವ ಕ್ಯಾಲಿಬರ್ ಆದರೂ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮೊದಲು ಬಂದಾಗ ಬೇಟೆಗೆ ಲೈಸೆನ್ಸ್ ಇತ್ತು. ಜಿಂಕೆ, ಕಡವೆಗಳಂಥ 'ದೊಡ್ಡ ಬೇಟೆ'ಯನ್ನು ರೈಫಲ್‌ನಿಂದಲೇ ಹೊಡೆಯಬೇಕು, ತೋಟಾ ಕೋವಿ ಬಳಸುವುದಾದರೆ ವಿಶೇಷ ಅನುಮತಿ ಪಡೆದು ಒಂಟಿ ಗುಂಡು ಹಾಕಬೇಕು ಎಂದು ಆ ಕಾಯ್ದೆಯಲ್ಲೇ ಬರೆದಿತ್ತು. ವಿಷ, ಸಿಡಿಮದ್ದು ಕೂಡದು ಎಂದೂ ಇತ್ತು. ಚರೆ ಹಾಕಿ ಹೊಡೆದರೆ ದೂರದಲ್ಲಿ ಹರಡಿಹೋಗಿ ಪ್ರಾಣಿ ಬರೀ ಗಾಯಗೊಂಡು ಓಡುತ್ತದೆಂಬುದು ಅದನ್ನು ಬರೆದವರಿಗೆ ಗೊತ್ತಿತ್ತು. 1991ರ ತಿದ್ದುಪಡಿಯಲ್ಲಿ ಬೇಟೆಯ ಲೈಸೆನ್ಸ್ ಹೋಯಿತು. ಅದು ಒಳ್ಳೆಯದೇ ಆಯಿತು, ಕಾಡು ಉಳಿಯಿತು. ಲೈಸೆನ್ಸಿನ ಜೊತೆಗೆ 'ಹೇಗೆ ಕೊಲ್ಲಬೇಕು' ಎಂಬ ಯೋಚನೆಯೂ ಹಿಂದೆ ಸರಿದದ್ದು ಒಳ್ಳೆಯದಾಗಲಿಲ್ಲ.

ಯಾಕೆಂದರೆ ಕೊಲ್ಲುವುದು ನಿಂತಿಲ್ಲ. ಬೆಳೆ ಹಾಳು ಮಾಡುವ ಕೆಲವು ಪ್ರಾಣಿಗಳನ್ನು ಸರ್ಕಾರದ ಅನುಮತಿಯಿಂದಲೇ ಹೊಡೆಯಲಾಗುತ್ತಿದೆ. 2016ರಲ್ಲಿ ಬಿಹಾರದ ಮೊಕಾಮಾದಲ್ಲಿ 200ಕ್ಕೂ ಹೆಚ್ಚು ನೀಲಗಾಯಿಗಳನ್ನು ಹೊಡೆದಾಗ ಬೇಟೆಗಾರರು ಹೋದದ್ದು ನಮ್ಮ ಹೈದರಾಬಾದಿನಿಂದ. ಕೇಂದ್ರದ ಇಬ್ಬರು ಸಚಿವರೇ, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಆಗ ಬಹಿರಂಗವಾಗಿ ಜಗಳವಾಡಿದರು. ಕೊಲ್ಲಬೇಕೋ ಬೇಡವೋ ಎಂಬುದರ ಮೇಲೆ ಜಗಳ. ಹೇಗೆ ಎಂಬುದು ಹಿಂದೆ ಉಳಿಯಿತು. 2019ರಲ್ಲಿ ಅದೇ ರಾಜ್ಯದ ವೈಶಾಲಿಯಲ್ಲಿ ಗುಂಡು ತಗಲಿಯೂ ಜೀವವಿದ್ದ ನೀಲಗಾಯಿಯನ್ನು ಜೆಸಿಬಿಯಿಂದ ಹೊಂಡಕ್ಕೆ ತಳ್ಳಿ ಮಣ್ಣು ಮುಚ್ಚಿದ ವಿಡಿಯೊ ದೇಶವೆಲ್ಲ ನೋಡಿತು.

ಕೇರಳ 2022ರ ಮೇ ತಿಂಗಳಲ್ಲಿ ಕಾಡುಹಂದಿ ಹೊಡೆಯಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಕೈಗೆ ಕೊಟ್ಟಿತು. ಹಾಗಾಗಿ ಕಾಸರಗೋಡಿನ ನಮ್ಮ ಕನ್ನಡದ ಹಳ್ಳಿಗಳಿಗೂ ಇದು ಮನೆಬಾಗಿಲಿನ ವಿಷಯ. ವಿಷ, ಸಿಡಿಮದ್ದು, ವಿದ್ಯುತ್ ಬಳಸಬಾರದು ಎಂದು ಹೇಳಿದ್ದು ಮೆಚ್ಚುವ ಮಾತು. 2020ರಲ್ಲಿ ಪಾಲಕ್ಕಾಡಿನಲ್ಲಿ ಸಿಡಿಮದ್ದು ಕಚ್ಚಿ ಸತ್ತ ಗಬ್ಬದ ಆನೆಯನ್ನು ಯಾರೂ ಮರೆತಿಲ್ಲ. ಆದರೆ ಕೆಟ್ಟ ದಾರಿ ಮುಚ್ಚಿದರೆ ಸಾಲದು, ಸರಿಯಾದ ದಾರಿಯನ್ನೂ ತೋರಿಸಬೇಕು. ನಮ್ಮ ರೈತನ ಕೈಲಿರುವುದು ಹೆಚ್ಚಾಗಿ ಕೇಪಿನ ಕೋವಿ, ಇಲ್ಲವೇ ಹನ್ನೆರಡು ಬೋರಿನ ತೋಟಾ ಕೋವಿ. .303 ಸೈನ್ಯದ ಕ್ಯಾಲಿಬರ್ ಎಂದು ನಾಗರಿಕರಿಗೆ ಸಿಗುವುದಿಲ್ಲ. ಅದರ ಬದಲಿಗೆ ಸರ್ಕಾರಿ ಕಾರ್ಖಾನೆಯೇ ತಯಾರಿಸುವ .315 ರೈಫಲ್ ಇದೆ. ಅದರ 244 ಗ್ರೇನ್ ಗುಂಡಿನ ಬಲ ಮೂರು ಸಾವಿರ ಜೂಲ್ ಮೀರುತ್ತದೆ, ಯಾವ ಜರ್ಮನ್ ನಿಯಮಕ್ಕೂ ಸಾಲುತ್ತದೆ. ಆದರೆ ಅದರ ಲೈಸೆನ್ಸ್ ಪಡೆದವರು ಹಳ್ಳಿಯಲ್ಲಿ ಎಷ್ಟು ಜನ? ಗುರಿ ಕಲಿಸುವವರು ಯಾರು?

ನನ್ನ ಮಾತು ಇಷ್ಟೇ. ಜಿಂಕೆ, ಚಿಗರಿ ಹೊಡೆಯಲು ಅನುಮತಿ ಬೇಕು ಎಂದು ನಾನು ಕೇಳುತ್ತಿಲ್ಲ. ಬೇಲಿ, ಬೆಳೆ ಪರಿಹಾರ, ಹಿಡಿದು ಸಾಗಿಸುವುದು ಮೊದಲು ಆಗಲಿ. ಆದರೆ ಸರ್ಕಾರ ಯಾವ ಪ್ರಾಣಿಯನ್ನೇ ಆಗಲಿ ಕೊಲ್ಲಿ ಎಂದು ಸಹಿ ಹಾಕುವುದಾದರೆ, ಅದೇ ಹಾಳೆಯಲ್ಲಿ ನಾಲ್ಕು ಸಾಲು ಸೇರಿಸಲಿ: ಕನಿಷ್ಠ ಎಷ್ಟು ಬಲದ ರೈಫಲ್, ಯಾವ ಬಗೆಯ ಗುಂಡು, ಹೆಚ್ಚೆಂದರೆ ಎಷ್ಟು ದೂರ, ಗಾಯಗೊಂಡದ್ದನ್ನು ಹುಡುಕಿ ಮುಗಿಸುವ ಹೊಣೆ ಯಾರದ್ದು.

ನಿಮ್ಮಲ್ಲಿ ಹಲವರ ಹೊಲ, ತೋಟ ಇನ್ನೂ ಊರಲ್ಲಿದೆ. ಗ್ರಾಮಸಭೆಯಲ್ಲಿ ಪ್ರಾಣಿಗಳ ಕಾಟದ ಮಾತು ಬಂದಾಗ ಫೋನಿನಲ್ಲಾದರೂ ಈ ನಾಲ್ಕು ಪ್ರಶ್ನೆ ಎತ್ತಿ. ಬೇಲಿಗೆ ಕರೆಂಟು ಕೊಡುತ್ತೇವೆ, ಉರುಳು ಹಾಕುತ್ತೇವೆ ಎಂದು ಯಾರಾದರೂ ಅಂದರೆ ಅಲ್ಲೇ ತಡೆಯಿರಿ. ಅದು ಹಂದಿಗೆ ಹಾಕಿದ್ದಾದರೂ ಮೊದಲು ಸಿಗುವುದು ಜಿಂಕೆಯೋ, ನೀರು ಕಟ್ಟಲು ಹೋದ ಪಕ್ಕದ ಹೊಲದವನೋ ಆಗಿರಬಹುದು.