ಕುರಿಗೆ ಹುಲಿಯ ಹಲ್ಲು ಕಟ್ಟಬೇಡಿ

ಇವತ್ತು ಒಂದು ಆಟದ ಬಗ್ಗೆ ಸ್ವಲ್ಪ ಖಾರವಾಗಿಯೇ ಬರೆಯಬೇಕಾಗಿದೆ. "ಮಕ್ಕಳ ಆಟಕ್ಕೆ ಇಷ್ಟೊಂದು ಚರ್ಚೆ ಯಾಕ್ರೀ?" ಎನ್ನುವವರು ದಯವಿಟ್ಟು ಕೊನೆಯವರೆಗೆ ಓದಿ, ಆಮೇಲೆ ಜಗಳಕ್ಕೆ ಬನ್ನಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ 'ಆಟದ ಮೂಲಕ ಕಲಿಕೆ' ಎಂಬ ಮಾತು ಶಿಕ್ಷಕರ ಬಾಯಲ್ಲಿ ಓಡಾಡುತ್ತಿದೆ. ಒಳ್ಳೆಯದೇ. ನಾನೂ ತರಗತಿಯಲ್ಲಿ ಪಾತ್ರ ಹಂಚಿಕೊಂಡು ಕಥೆ ಕಟ್ಟುವ ಆಟ ಆಡಿಸುತ್ತೇನೆ. ನಾಲ್ಕು ಮಕ್ಕಳು ಸುತ್ತ ಕೂರುತ್ತಾರೆ. ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ, ಒಬ್ಬ ವೈದ್ಯ. ಕಥೆ ನಡೆಸುವವರು "ಗುಹೆಯ ಬಾಗಿಲಿಗೆ ಬೀಗ ಇದೆ, ಏನು ಮಾಡುತ್ತೀರಿ?" ಎಂದು ಕೇಳುತ್ತಾರೆ. ಮಗು ಬಾಯಿ ಬಿಟ್ಟು ಹೇಳಬೇಕು, ದಾಳ ಹಾಕಬೇಕು. ಮಾತು ಕಲಿಸಲು ಒಳ್ಳೆಯ ಉಪಾಯ. ಇಂಥ ಆಟಗಳ ಮೂಲಪುರುಷ 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'.

ತೊಂದರೆ ಶುರುವಾಗುವುದು ಪಾತ್ರ ಹಂಚುವಾಗ. ಗೋವಾದ ನಮ್ಮ ಕನ್ನಡ ಶಾಲೆಗಳಿಗೆ ಯಾರು ಬರುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ವರ್ಷದ ನಡುವೆ ಸೇರುವವರು, ನಡುವೆಯೇ ಊರಿಗೆ ಹೋಗುವವರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಹಿಂದಿ. ಇವರಲ್ಲಿ ಮಾತಿನ ಮಲ್ಲ ಯಾರೋ ಅವನು ಮಾಂತ್ರಿಕನ ಪಾತ್ರ ಹಿಡಿಯುತ್ತಾನೆ. ದೀಪಾವಳಿ ಮುಗಿಸಿ ಬಂದು ಸೇರಿದ, ಇನ್ನೂ ಬಾಯಿ ಬಿಡದ ಹುಡುಗನ ಕೈಗೆ ಕತ್ತಿ ಕೊಟ್ಟು "ನೀನು ಯೋಧ, ಹೊಡಿ ಅಂದಾಗ ಹೊಡಿ" ಅನ್ನುತ್ತಾರೆ. ನಾಲ್ಕನೆಯ ದಿನಕ್ಕೆ ಅವನು ಕಿಟಕಿಯ ಹೊರಗೆ ನೋಡುತ್ತಾ ಕೂತಿರುತ್ತಾನೆ. "ಯಾಕೋ?" ಎಂದರೆ "ನಾ ಏನ್ ಮಾಡ್ಲಿ ಸರ್, ಎಲ್ಲಾ ಅವನs ಮಾಡ್ತಾನ" ಎನ್ನುತ್ತಾನೆ.

ಅವನು ಹೇಳಿದ್ದು ಅಕ್ಷರಶಃ ನಿಜ. 1981ರ ಬೇಸಿಕ್ ಮತ್ತು ಎಕ್ಸ್‌ಪರ್ಟ್ ಪುಸ್ತಕಗಳ ಲೆಕ್ಕ ನೋಡಿ. ಮೊದಲ ಹಂತದ ಮಾಂತ್ರಿಕನಿಗೆ ದಿನಕ್ಕೆ ಒಂದೇ ಮಂತ್ರ, ಕವಚ ಇಲ್ಲ, ಒಂದು ಏಟಿಗೆ ಸಾಯಬಹುದು. ಐದನೆಯ ಹಂತಕ್ಕೆ ಬಂದರೆ ಬೆಂಕಿಚೆಂಡು ಎಸೆದು ಐದು ದಾಳದಷ್ಟು ಪೆಟ್ಟನ್ನು ಇಡೀ ಗುಂಪಿಗೇ ಕೊಡುತ್ತಾನೆ. ಯೋಧನದು ಆಗಲೂ ಒಬ್ಬನಿಗೆ ಒಂದು ಏಟು. ಕಳ್ಳನ ಪಾಡು ಇನ್ನೂ ಕಷ್ಟ. ಮೂರನೆಯ ಹಂತದಲ್ಲಿ ಬೀಗ ತೆರೆಯುವ ಅವನ ಸಾಧ್ಯತೆ ಶೇಕಡಾ 25. ಅದೇ ಹಂತದ ಮಾಂತ್ರಿಕ ಬೀಗ ತೆರೆಯುವ ಮಂತ್ರ ಹೇಳಿದರೆ ದಾಳವೇ ಬೇಡ, ಬೀಗ ತೆರೆಯಿತು! ಆಟ ಕಟ್ಟಿದವರು ಇದನ್ನು ತೂಗಿಸಲು ನೋಡಿದರು. ಎರಡನೆಯ ಹಂತಕ್ಕೆ ಏರಲು ಕಳ್ಳನಿಗೆ 1,200 ಅಂಕ, ಯೋಧನಿಗೆ 2,000, ಮಾಂತ್ರಿಕನಿಗೆ 2,500. ಆದರೆ ಏಣಿಯನ್ನು ನಿಧಾನವಾಗಿ ಹತ್ತಿದರೂ ಮೇಲೆ ಕೂತ ಮೇಲೆ ಅವನೇ ರಾಜ.

ಇದಕ್ಕೆ ಮೂರು ಬಗೆಯ ಸಮಾಧಾನ ಕೇಳಿಬರುತ್ತದೆ. ಮೂರನ್ನೂ ನಾನು ಒಪ್ಪುವುದಿಲ್ಲ.

ಮೊದಲನೆಯದು: "ಕಥೆ ಮುಖ್ಯ, ಬಲಾಬಲ ಮುಖ್ಯವಲ್ಲ." ಇದನ್ನು ಹೇಳುವವರು ಯಾವಾಗಲೂ ಮಾಂತ್ರಿಕನ ಕಡೆಯವರೇ! ಊಟದ ಪಂಕ್ತಿಯಲ್ಲಿ ಹೋಳಿಗೆ ಸಿಕ್ಕವನು "ಊಟಕ್ಕಿಂತ ಜೊತೆಯಾಗಿ ಕೂತದ್ದು ಮುಖ್ಯ" ಎಂದಹಾಗೆ.

ಎರಡನೆಯದು: "ಎಲ್ಲರಿಗೂ ಒಂದೇ ಥರ ಶಕ್ತಿ ಕೊಟ್ಟುಬಿಡಿ." 2008ರಲ್ಲಿ ಬಂದ ಆ ಆಟದ ನಾಲ್ಕನೆಯ ಆವೃತ್ತಿ ಹೆಚ್ಚು ಕಡಿಮೆ ಈ ದಾರಿ ಹಿಡಿಯಿತು. ಯೋಧನಿಗೂ ಮಾಂತ್ರಿಕನಿಗೂ ಒಂದೇ ಅಚ್ಚಿನ ಪಟ್ಟಿ: ಬೇಕೆಂದಾಗ ಬಳಸುವ ಶಕ್ತಿ, ಕಾಳಗಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ. ತೂಕ ಸರಿಹೋಯಿತು. ಆದರೆ "ಯಾರಾದರೂ ಒಂದೇ ಅನ್ನಿಸುತ್ತದೆ" ಎಂದು ಆಟಗಾರರು ದೂರಿದರು. 2014ರ ಐದನೆಯ ಆವೃತ್ತಿ ಆ ಒಂದೇ ಅಚ್ಚನ್ನು ಕೈಬಿಟ್ಟಿತು.

ಮೂರನೆಯದು: "ಮಾಸ್ತರ್ ಒಳ್ಳೆಯವರಿದ್ದರೆ ಸಾಕು, ಅವರೇ ಸರಿದೂಗಿಸುತ್ತಾರೆ." ಇದು ಅತ್ಯಂತ ಅಪಾಯದ ಮಾತು. ಸುಮ್ಮನಿರುವ ಹುಡುಗನಿಗಾಗಿ ನಾವು ಬೇಕೆಂದೇ ಒಂದು ಸುಲಭದ ರಾಕ್ಷಸನನ್ನು ಕಳಿಸುತ್ತೇವೆ. ಮಕ್ಕಳು ದಡ್ಡರಲ್ಲ. "ಇದು ನನಗಾಗಿ ಕಳಿಸಿದ್ದು" ಎಂದು ಅವನಿಗೂ ಗೊತ್ತಾಗುತ್ತದೆ, ಉಳಿದವರಿಗೂ ಗೊತ್ತಾಗುತ್ತದೆ. ನಿಯಮದಲ್ಲಿ ಬರೆದದ್ದು ಹಕ್ಕು. ಮಾಸ್ತರರ ದಯೆಯಿಂದ ಸಿಕ್ಕಿದ್ದು ಭಿಕ್ಷೆ.

ಹಾಗಾದರೆ ದಾರಿ ಯಾವುದು? ಅಮೆರಿಕಕ್ಕೆ ಹೋಗಬೇಕಿಲ್ಲ, ನಮ್ಮೂರ ಗುಡಿಯ ಕಟ್ಟೆಗೆ ಬನ್ನಿ. ಹುಲಿ-ಕುರಿ ಆಟ, ಕೆಲವು ಕಡೆ ಆಡು-ಹುಲಿ ಎನ್ನುತ್ತಾರೆ. ಹಂಪಿಯ ಮಂಟಪಗಳ ಹಾಸುಗಲ್ಲಿನ ಮೇಲೂ ಇಂಥ ಆಟದ ಮನೆಗಳನ್ನು ಕೊರೆದಿದ್ದಾರೆ. ನಿಯಮಗಳು ಊರಿಂದ ಊರಿಗೆ ಸ್ವಲ್ಪ ಬೇರೆ. ತ್ರಿಕೋನದ ಮನೆಯಲ್ಲಿ ಸಾಮಾನ್ಯವಾಗಿ 3 ಹುಲಿ, 15 ಕುರಿ. ಹುಲಿ ಹಾರಿ ತಿನ್ನುತ್ತದೆ. ಕುರಿ ತಿನ್ನಲಾರದು, ಹಾರಲಾರದು, ಎಲ್ಲ ಕುರಿಗಳನ್ನು ಇಟ್ಟು ಮುಗಿಯುವ ತನಕ ಜರುಗಲೂ ಆರದು. ಒಂದಕ್ಕೊಂದು ಹೋಲಿಸಿದರೆ ಅನ್ಯಾಯವೋ ಅನ್ಯಾಯ! ಆದರೂ ಕುರಿ ಆಡುವವನು ಗೆಲ್ಲುತ್ತಾನೆ. ಹೇಗೆ? ಕುರಿಯ ಬೆನ್ನ ಹಿಂದೆ ಇನ್ನೊಂದು ಕುರಿ ನಿಂತರೆ ಹುಲಿಗೆ ಹಾರಿ ಇಳಿಯಲು ಜಾಗವಿಲ್ಲ. ಒಟ್ಟಾಗಿ ನಿಲ್ಲುವುದೇ ಕುರಿಯ ಶಕ್ತಿ, ಅದು ಹುಲಿಗೆ ಇಲ್ಲ.

ಇದು ಅಜ್ಜಿಯ ಕಥೆಯಲ್ಲ. ಇದೇ ಜಾತಿಯ ನೇಪಾಳದ ಬಾಘ್‌ಚಾಲ್ ಆಟದಲ್ಲಿ 4 ಹುಲಿ, 20 ಆಡು. ಲಿಮ್ ಯೂ ಜಿನ್ ಮತ್ತು ಯುರ್ಗ್ ನೀವರ್ಗೆಲ್ಟ್ ಎಂಬ ವಿದ್ವಾಂಸರು ಅದನ್ನು ಕಂಪ್ಯೂಟರಿನಿಂದ ಶೋಧಿಸಿ, ಎರಡೂ ಕಡೆಯವರು ಒಂದೂ ತಪ್ಪಿಲ್ಲದೆ ಆಡಿದರೆ ಆಟ ಸಮವಾಗಿ ಮುಗಿಯುತ್ತದೆ ಎಂದು ತೋರಿಸಿದ್ದಾರೆ. ಅಂದರೆ ಬಲ ಬೇರೆ ಬೇರೆ ಇದ್ದೂ ತೂಕ ಸಮ. ಕುರಿಗೆ ಹುಲಿಯ ಹಲ್ಲು ಕಟ್ಟಬೇಕಾಗಲಿಲ್ಲ.

ತಾಳಮದ್ದಳೆಯನ್ನೂ ನೋಡಿ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಮಾತಾಡುವುದು. ಮೇಜಿನ ಸುತ್ತ ಕೂತು ಆಡುವ ಈ ಆಟಕ್ಕೆ ಅದು ದೊಡ್ಡಣ್ಣನಿದ್ದಂತೆ. ವಾಲಿಯ ಪ್ರಸಂಗದಲ್ಲಿ ಬಾಣ ರಾಮನದು, ಸಾವು ವಾಲಿಯದು, ಇದು ಮೊದಲೇ ತೀರ್ಮಾನ. ಆದರೆ "ಮರೆಯಲ್ಲಿ ನಿಂತು ಯಾಕೆ ಹೊಡೆದೆ?" ಎಂದು ಕೇಳುವ ಅವಕಾಶ ವಾಲಿಗೆ ಮಾತ್ರ ಇದೆ. ಕಾಸರಗೋಡಿನ ಶೇಣಿ ಗೋಪಾಲಕೃಷ್ಣ ಭಟ್ಟರಂಥ (1918–2006) ಅರ್ಥಧಾರಿಗಳು ಬೆಳೆದದ್ದು ಇಂಥ ಅವಕಾಶಗಳಲ್ಲಿ. ಬಲವಿಲ್ಲದ ಪಾತ್ರಕ್ಕೂ ಬೇರೆ ಯಾರೂ ಕಸಿಯಲಾಗದ ಒಂದು ಕೆಲಸ ಇರಬೇಕು. ನನ್ನ ವಾದವೆಲ್ಲ ಇಷ್ಟೇ.

"ಹಾಗಾದರೆ ಮಾಂತ್ರಿಕನ ಮಂತ್ರ ಕಿತ್ತುಕೊಳ್ಳಬೇಕೇ?" ಬೇಡ. ಗೋವಾದಲ್ಲಿದ್ದೇವೆ, ಫುಟ್ಬಾಲಿನ ಉದಾಹರಣೆಯನ್ನೇ ಹೇಳುತ್ತೇನೆ. ಚೆಂಡನ್ನು ಕೈಯಲ್ಲಿ ಹಿಡಿಯುವ ಅಧಿಕಾರ ಗೋಲ್‌ಕೀಪರ್‌ಗೆ ಮಾತ್ರ, ಅದೂ ಅವನ ಚೌಕದೊಳಗೆ. ತಂಡದವರು ಅವನತ್ತ ಚೆಂಡು ತಳ್ಳಿ, ಅವನು ಹಿಡಿದುಕೊಂಡು ಹೊತ್ತು ಕಳೆಯುವುದು ಹೆಚ್ಚಾದಾಗ 1992ರಲ್ಲಿ ನಿಯಮ ಬಂತು: ತನ್ನವರು ಬೇಕೆಂದೇ ಕಾಲಿನಿಂದ ಒದ್ದು ಕೊಟ್ಟ ಚೆಂಡನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಅವನ ಕೈ ಕಟ್ಟಲಿಲ್ಲ, ದುರುಪಯೋಗ ಕಟ್ಟಿದರು. 2014ರ ಆವೃತ್ತಿಯಲ್ಲಿ ಆ ಬೀಗ ತೆರೆಯುವ ಮಂತ್ರಕ್ಕೂ ಹೀಗೇ ಮಾಡಿದರು. ಬೀಗ ತೆರೆಯುತ್ತದೆ, ಆದರೆ 300 ಅಡಿ ದೂರ ಕೇಳುವಂತೆ ಸದ್ದಾಗುತ್ತದೆ. ಸದ್ದಿಲ್ಲದೆ ಒಳಗೆ ಹೋಗಬೇಕಾದರೆ ಕಳ್ಳನೇ ಬೇಕು! ಇದಕ್ಕೆ ಸಮತೋಲ ಎನ್ನುತ್ತಾರೆ.

ತರಗತಿಯಲ್ಲಿ ಇಂಥ ಆಟ ಆಡಿಸುವ ಶಿಕ್ಷಕ ಮಿತ್ರರಲ್ಲಿ ನನ್ನ ಬೇಡಿಕೆ ಮೂರು. ಒಂದು, ಪ್ರತಿ ಪಾತ್ರಕ್ಕೂ ಅದೊಂದೇ ಮಾಡಬಲ್ಲ ಕೆಲಸವನ್ನು ನಿಯಮದಲ್ಲೇ ಬರೆಯಿರಿ. ಉದಾಹರಣೆಗೆ, ಯೋಧನ ಪಕ್ಕದಲ್ಲಿ ನಿಂತವರಿಗೆ ಪೆಟ್ಟು ತಾಗದು, ಯಾರ ಪಕ್ಕ ನಿಲ್ಲಬೇಕೆಂದು ಯೋಧನೇ ಬಾಯಿ ಬಿಟ್ಟು ಹೇಳಬೇಕು. ಆಗ ಮಾಂತ್ರಿಕನೇ ಬಂದು ಅವನನ್ನು ಕೇಳಿಕೊಳ್ಳುತ್ತಾನೆ. ಎರಡು, ಮಾತಿನ ಸರದಿ ಎಲ್ಲರಿಗೂ ಸುತ್ತಿ ಬರಲಿ, ಕೈ ಎತ್ತಿದವರಿಗೆ ಮಾತ್ರವಲ್ಲ. ಮೂರು, ಪ್ರತಿ ಕಥೆಗೂ ಪಾತ್ರ ಬದಲಾಗಲಿ. ಹುಲಿ ಆಡಿದವನು ಮುಂದಿನ ಆಟಕ್ಕೆ ಕುರಿ ಆಡುವುದು ಕಟ್ಟೆಯ ಮೇಲಿನ ಹಳೇ ರೂಢಿ.

ತಡವಾಗಿ ಸೇರಿದ ಮಗುವಿಗೆ "ನೀನೂ ಮುಖ್ಯ ಕಣೋ" ಎಂದು ನೂರು ಸಲ ಹೇಳುವುದು ಸುಲಭ. ಅವನಿಲ್ಲದೆ ಗುಹೆ ದಾಟಲಾಗದಂಥ ಒಂದು ನಿಯಮ ಬರೆಯುವುದು ಕಷ್ಟ. ಸಂಬಳ ತೆಗೆದುಕೊಳ್ಳುವ ನಾವು ಆ ಕಷ್ಟದ ಕೆಲಸವನ್ನೇ ಮಾಡಬೇಕಲ್ಲವೇ? ಏನಂತೀರಿ?